ದೇಸಾಯಿ ವಕೀಲರು ಮತ್ತು ನನ್ನ ‘ನೋಡ್ಕೋತೀನಿ’

೧೯೯೧ರಲ್ಲಿ ಏಳನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಆದರೂ ದೇಸಾಯಿ ವಕೀಲರು ನನ್ನ ಕೇಸಿನ ಒಂದು ಕಾಗದವನ್ನೂ ತಾವೇ ಓದಿ ಹೇಳಲಿಲ್ಲ. ಪುಣೆಯ ಸದಾಶಿವ ಪೇಠದ ಇಕ್ಕಟ್ಟು ಕೋಣೆಯಲ್ಲಿ, ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ನನ್ನ ಕೈಗೇ ತುರುಕುವರು. “ಓದ್ರಿ, ಜೋರಾಗಿ. ಜೈಲಿಗೆ ಹೋಗಾವ್ರು ನೀವು, ನಾನಲ್ಲ.” ಬೆರಳಿಟ್ಟು ಮರಾಠಿ ಅಕ್ಷರ ಕೂಡಿಸುವಾಗ ಸಿಟ್ಟು ಬರುತ್ತಿತ್ತು. ಯಾರ ಮುಂದೆಯೂ ತಲೆ ತಗ್ಗಿಸದೆ ದುಡಿದು ಟೆಂಪೊ ಕೊಂಡವನು ನಾನು.

ಮಾರ್ಕೆಟ್ ಯಾರ್ಡಿನಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳವಾಗಿ ಇನ್ನೊಬ್ಬ ಟೆಂಪೊದವನ ಕೈ ಮುರಿದಿತ್ತು. ನಾನು ದೂಡಿದ್ದು ನಿಜ. ಸಲಾಕೆಯಿಂದ ಹೊಡೆದೆನೆಂದು ಬರೆಸಿದ್ದು ಸುಳ್ಳು. ಸಾಕ್ಷಿಗಳನ್ನು ಬೆದರಿಸಬಾರದೆಂಬ ಷರತ್ತಿನ ಮೇಲೆ ಜಾಮೀನು ಸಿಕ್ಕಿತು. ಹಮಾಲ ಮಾರುತಿ ಒಬ್ಬ ಸಾಕ್ಷಿ. ಒಂದು ದಿನ ಚಹಾದಂಗಡಿಯಲ್ಲಿ ಅವನು, ತಾಯಿಯನ್ನು ಆಸ್ಪತ್ರೆಗೆ ಒಯ್ಯಲು ಗಾಡಿಯಿಲ್ಲವೆಂದು ಗೋಳಾಡಿದ. ‘ನಾ ನೋಡ್ಕೋತೀನಿ’ ಎಂಬುದನ್ನೇ ಮರಾಠಿಗೆ ತಿರುಗಿಸಿ “ಮೀ ಬಘೂನ್ ಘೇತೋ” ಎಂದೆ. ಇಷ್ಟು ವರ್ಷ ಪುಣೆಯಲ್ಲಿದ್ದರೂ ನಾಲಗೆ ಊರಿನದೇ. ಮರಾಠಿಯಲ್ಲಿ ಅದು ‘ನಿನಗೊಂದು ಗತಿ ಕಾಣಿಸುತ್ತೇನೆ’ ಎಂಬಂಥ ಮಾತು. ಪಕ್ಕದಲ್ಲೇ ದೂರು ಕೊಟ್ಟವನ ತಮ್ಮ ನಿಂತಿದ್ದ. ಮುಂದಿನ ತಾರೀಖಿಗೆ ಜಾಮೀನು ರದ್ದು ಮಾಡಿರೆಂದು ಅರ್ಜಿ ಬಂತು.

ಇವತ್ತೇ ಒಳಗೆ ಹಾಕಿ ಎಂದರು ಸರ್ಕಾರಿ ವಕೀಲರು. ಪೊಲೀಸರು ಬಾಗಿಲಲ್ಲೇ ಇದ್ದರು. ದೇಸಾಯರು ಎದ್ದರು, ದನಿ ಏರಿಸಲಿಲ್ಲ. ನೋಟಿಸಿಲ್ಲ, ಅರ್ಜಿಯ ಪ್ರತಿಯಿಲ್ಲ, ಇವನ ಮಾತು ಕೇಳಿಲ್ಲ. ಕೊಟ್ಟ ಬಿಡುಗಡೆಯನ್ನು ಹೀಗೆ ಕಸಿಯಬಹುದೇ ಎಂದಷ್ಟೇ ಕೇಳಿದರು. ನ್ಯಾಯಾಧೀಶರು ಎಂಟು ದಿನ ಕೊಟ್ಟರು.

ಹೊರಗೆ ಬಂದು ಅರ್ಜಿಯ ಪ್ರತಿ ಕೈಗಿಟ್ಟು, “ಓದ್ರಿ” ಎಂದರು. ‘ಮೀ ಬಘೂನ್ ಘೇತೋ’ ಎಂದು ಬರೆದಿದ್ದ ಸಾಲಿಗೆ ಬಂದು ನಿಂತುಬಿಟ್ಟೆ.

“ಸಾಹೇಬ್ರ, ಈ ಮಾತು ನಾ ಆಡೀನ್ರಿ. ಆದ್ರ ನೋಡ್ಕೋತೀನಿ ಅಂತ ಅಂದಿದ್ದು!”

ಅವರು ಕನ್ನಡಕ ಇಳಿಸಿ ನನ್ನನ್ನೇ ನೋಡಿದರು. “ನಾ ಓದಿದ್ರ ಇದು ಬೆದರಿಕಿನ ಅಂತ ತಿಳೀತಿದ್ದೆ ನೋಡ್ರಿ.”

ಎಂಟನೆಯ ದಿನ ಅದನ್ನೇ ನನ್ನ ಬಾಯಿಂದ ಹೇಳಿಸಿದರು. ಮಾರುತಿಯೂ, ಇವರೇ ಅವ್ವನನ್ನು ಆಸ್ಪತ್ರೆಗೆ ಒಯ್ದರು ಎಂದ. ಅರ್ಜಿ ವಜಾ ಆಯಿತು. ಯಾಕೆಂದು ಆದೇಶದಲ್ಲಿ ಬರೆದಿತ್ತು. ಅದನ್ನೂ ಓದಿಸಿದರು. “ಇನ್ನ ಮ್ಯಾಲ ಉಪಕಾರ ಮಾಡೂದಿದ್ರ ಕನ್ನಡದಾಗ ಮಾಡ್ರಿ, ಮಾರಾಯ್ರ.”

ಹೋದ ವರ್ಷ ದೇಸಾಯರು ತೀರಿಕೊಂಡರು. ಆ ಕೋಣೆಯಲ್ಲೀಗ ಕೋಚಿಂಗ್ ಕ್ಲಾಸು. ಹೊಸ ವಕೀಲರು ಸಹಿಯಷ್ಟೇ ಕೇಳುತ್ತಾರೆ. ನಾನು ಜೋರಾಗಿ ಓದಿಯೇ ಹಾಕುತ್ತೇನೆ, ಅವರು ಗಡಿಯಾರ ನೋಡುತ್ತಾರೆ. ತಾರೀಖಿನ ಮೇಲೆ ತಾರೀಖು, ಸಾಕಾಗಿದೆ.

ಈಗ ನನ್ನ ಹತ್ತಿರ ಇರುವುದು: ಒಂದು ಟೆಂಪೊ, ಎರಡು ಕೋಣೆಯ ಮನೆ, ಮುಗಿಯದ ಒಂದು ಕೇಸು, ರದ್ದಾಗದ ಒಂದು ಜಾಮೀನು.