ಕಿವಿಯೊಂದು ಬಾಕಿ

ಬೆಳಕು ಹರಿಯುವ ಹೊತ್ತು. ಮಕ್ಕಳ ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ಚರ್ಮದ ಡಾಕ್ಟರಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾರೆ. ತಣ್ಣನೆಯ ಕೈ ತಗುಲಿದರೆ ಮಗು ಅಳುತ್ತದೆ; ಅತ್ತರೆ ಮೈ ಕೆಂಪೇರುತ್ತದೆ; ಆಮೇಲೆ ಕಲೆ ಯಾವುದು, ಅಳು ಯಾವುದು ತಿಳಿಯುವುದಿಲ್ಲ.

“ಮೊಡವೆ ಡಾಕ್ಟರು ಅಂತ ನಮ್ಮಕ್ಕನೇ ರೇಗಿಸ್ತಾಳೆ,” ಎಂದು ನಗುತ್ತಾರೆ. ಮೊಡವೆ, ಕಜ್ಜಿಗಳ ನಡುವೆ ಅವರಿಗೆ ಇನ್ನೊಂದು ಕೆಲಸವಿದೆ. ಮಗುವಿನ ಮೈಮೇಲಿನ ಗುರುತು ಹುಟ್ಟಿನಿಂದ ಬಂದದ್ದೋ, ಬಿದ್ದು ಆದದ್ದೋ, ಯಾರಾದರೂ ಮಾಡಿದ್ದೋ ಎಂದು ಬೇರೆ ಡಾಕ್ಟರುಗಳು ಅವರನ್ನು ಕೇಳುತ್ತಾರೆ. ತಪ್ಪು ಹೇಳಿದರೆ ಒಂದೋ ನಿರಪರಾಧಿಗಳಿಗೆ ಕಳಂಕ, ಇಲ್ಲವೇ ಮಗು ಮತ್ತೆ ಅದೇ ಕೈಗೆ. ಸಾಕ್ಷಿ ಹೇಳಲು ಹೋದಾಗ ಕೋರ್ಟಿನಲ್ಲಿ ವಕೀಲರೊಬ್ಬರು “ಮುಲಾಮು ಕೊಡೋರಿಗೆ ಇದೆಲ್ಲ ಯಾಕೆ?” ಎಂದದ್ದೂ ಉಂಟು.

ಇಂದು ಬಂದಿರುವುದು ಇನ್ನೂ ಅಂಬೆಗಾಲಿಡದ ಹೆಣ್ಣುಕೂಸು. ನಿನ್ನೆ ಸೊಂಟದ ಹತ್ತಿರ ನೀಲಿ ಮಚ್ಚೆ ಕಂಡು ಶಿಶುವಿಹಾರದ ಆಯಾ ಗಾಬರಿಯಾಗಿ ಆಸ್ಪತ್ರೆಗೆ ತಿಳಿಸಿದ್ದಾಳೆ. ತಾಯಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಜೊತೆಗೆ ಬಂದ ಅಜ್ಜಿ, ತಂದೆಯ ತಾಯಿ, ಕೆಂಡವಾಗಿದ್ದಾರೆ.

“ನಮ್ಮನೇಲಿ ಮಕ್ಕಳ ಮೇಲೆ ಕೈಯೆತ್ತೋರು ಯಾರೂ ಇಲ್ಲ, ಡಾಕ್ಟರಮ್ಮಾ!”

ಡಾಕ್ಟರಮ್ಮ ಮಚ್ಚೆಯನ್ನು ಮೆಲ್ಲಗೆ ಒತ್ತುತ್ತಾರೆ. ಕೂಸು ಕದಲುವುದಿಲ್ಲ. “ಇದು ದೇವರು ಹಾಕಿ ಕಳಿಸಿದ ಬಣ್ಣ. ಬೆಳೀತಾ ಬೆಳೀತಾ ತಾನೇ ಹೋಗುತ್ತೆ.”

“ನಾನು ಹೇಳಲಿಲ್ವಾ? ಆ ಆಯಾಗೆ ಮಾಡ್ತೀನಿ ಇರಿ!” ಅಜ್ಜಿ ಚೀಲ ಹೆಗಲಿಗೇರಿಸುತ್ತಾರೆ.

“ಕೂತ್ಕೊಳ್ಳಿ ಅಮ್ಮಾ, ಕಿವಿಯೊಂದು ಬಾಕಿ.”

ಯಾವ ಮಗುವೇ ಬರಲಿ, ಕಿವಿ ಮಡಿಚಿ ಹಿಂಬದಿ ನೋಡದೆ ಅವರು ಕಳಿಸುವವರಲ್ಲ. “ಕಳ್ಳಿ, ಏನು ಬಚ್ಚಿಟ್ಟಿದೀಯ ಇಲ್ಲಿ?” ಎನ್ನುತ್ತಾ ಮಡಿಚುತ್ತಾರೆ. ಕೂಸು ಕಿಲಕಿಲ ನಗುತ್ತದೆ. ಎಡಗಿವಿಯ ಹಿಂದೆ ಎರಡು ಕಂದು ಗುರುತು.

“ಹೊರಳಾಡುವಾಗ ತಗುಲಿರುತ್ತೆ.” ಅಜ್ಜಿಯ ದನಿ ಇಳಿದಿದೆ.

“ಹೊರಳಿದ್ರೆ ಹಣೆಗೆ ತಗುಲುತ್ತೆ. ಕಿವಿ ಹಿಂದಕ್ಕೆ ನೆಲ ಹೋಗಲ್ಲಮ್ಮಾ, ಬೆರಳು ಹೋಗುತ್ತೆ.”

ತಾಯಿ ಈಗ ಬಾಯಿ ಬಿಡುತ್ತಾಳೆ. “ಅಳು ನಿಲ್ಲಿಸಲಿಲ್ಲ ಅಂತ ಅವರು ಹಿಂಡಿದ್ರು, ಅತ್ತೆ.”

“ನನ್ನ ಮಗನಾ?” ಅಜ್ಜಿ ಬಗ್ಗಿ ಕೂಸಿನ ಕಿವಿಯನ್ನು ತಾವೇ ಮಡಿಚಿ ನೋಡುತ್ತಾರೆ.

ಕೂಸು ಇಂದು ಮನೆಗೆ ಹೋಗುವುದಿಲ್ಲ. ಒಳಗೆಲ್ಲಾದರೂ ಮೂಳೆ ಮುರಿದಿದೆಯೋ ಎಂದು ಎಕ್ಸ್‌ರೇ ತೆಗೆಯಬೇಕು, ಕಣ್ಣೊಳಗೆ ಪೆಟ್ಟಾಗಿದೆಯೋ ಎಂದು ಕಣ್ಣಿನ ಡಾಕ್ಟರು ನೋಡಬೇಕು, ಮಕ್ಕಳ ರಕ್ಷಣೆಯ ಕಚೇರಿಗೆ ಸುದ್ದಿ ಮುಟ್ಟಬೇಕು. ಇಷ್ಟು ಹೇಳಿ ಡಾಕ್ಟರಮ್ಮ ಬೈಗುಳಕ್ಕೆ ಕಾಯುತ್ತಾರೆ, ಅದು ಅಭ್ಯಾಸವಾಗಿದೆ. ಅಜ್ಜಿ ಬೈಯುವುದಿಲ್ಲ. ಚೀಲ ಕೆಳಗಿಡುತ್ತಾರೆ.

“ಸೊಸೆ ಜೊತೆ ನಾನೂ ಇಲ್ಲೇ ಇರ್ತೀನಿ. ಅವನು ಬಂದ್ರೆ ಬಾಗಿಲಲ್ಲಿ ನಾನಿರ್ತೀನಿ.”

ನಿಮ್ಮ ಆಸೆಯೇನು ಎಂದು ಯಾರಾದರೂ ಕೇಳಿದರೆ ಡಾಕ್ಟರಮ್ಮ ಕೈ ತೊಳೆಯುತ್ತಲೇ ಹೇಳುತ್ತಾರೆ: “ಒಂದು ದಿನವಾದ್ರೂ ಬರೀ ಮೊಡವೆ ನೋಡಿ ಮನೆಗೆ ಹೋಗ್ಬೇಕು. ಅಕ್ಕ ರೇಗಿಸಿದ್ರೆ ರೇಗಿಸ್ಲಿ.”