ರಂಗೋಲಿಯೊಳಗೆ ಬಾರದ ಕೇರಿ

ಹಾವೇರಿಯಲ್ಲಿ ಹತ್ತಿದ ರೈಲು ಅಹಮದಾಬಾದ್ ಮುಟ್ಟಿಸುವಷ್ಟರಲ್ಲಿ ನನ್ನ ಸೊಂಟ ಕೈಕೊಟ್ಟಿತ್ತು. “ಹೋಗಿ ಆ ಹುಡುಗೀನ್ನ ಕರಕೊಂಡ ಬಾ” ಎಂದು ಅಕ್ಕ ಕಳಿಸಿದ್ದಳು. ಹುಡುಗಿ ಅಂದರೆ ಅಕ್ಕನ ಮಗಳು ಪಲ್ಲವಿ. ವಡೋದರಾದ ವಿಶ್ವವಿದ್ಯಾಲಯದಲ್ಲಿ ಕೃಷಿ ಮತ್ತು ಸಮುದಾಯ ಅಭಿವೃದ್ಧಿ ಓದುತ್ತಿದ್ದಳು. ಓದು ಅಂತ ಹೋದವಳು ಸೂರತ್ ಕಡೆಯ ಹಳ್ಳಿಯೊಂದರಲ್ಲಿ, ಗುರುತು ಪರಿಚಯ ಇಲ್ಲದವರ ಮನೆಯಲ್ಲಿ ಇರುತ್ತಾಳೆಂದು ತಿಳಿದಾಗಿನಿಂದ ಅಕ್ಕ ನಿದ್ದೆಗೆಟ್ಟಿದ್ದಳು.

ವಡೋದರಾ ದಾಟಿಕೊಂಡೇ ಅಹಮದಾಬಾದಿಗೆ ಹೋಗಿದ್ದು, ಬ್ಯಾಂಕಿನ ವರ್ಗಾವಣೆಯಲ್ಲಿ ಅಲ್ಲಿಗೆ ಬಂದಿರುವ ಗೆಳತಿಯನ್ನು ನೋಡುವ ಆಸೆಗೆ. ಅವಳ ಮಗ ನನ್ನ ಕನ್ನಡಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಟ್ಟ. ಊಟಕ್ಕೆ ಬಂದ ಬೇಳೆಯಲ್ಲಿ ಬೆಲ್ಲ! ಸಾರೋ ಪಾಯಸವೋ ತಿಳಿಯದೆ ಅನ್ನಕ್ಕೆ ಕಲಸಿಕೊಂಡು ಉಂಡೆ. ಮರುದಿನ ಬೆಳಗಿನ ರೈಲಿಗೆ ವಡೋದರಾಕ್ಕೆ ಹೊರಟೆ, ಎರಡು ತಾಸಿನ ದಾರಿ.

ಫತೇಗಂಜಿನ ಹಾಸ್ಟೆಲಿನ ಮುಂದೆ ಪಲ್ಲವಿ ಕಾಯುತ್ತಿದ್ದಳು. ಬಿಸಿಲಿಗೆ ಕರ್ರಗಾಗಿದ್ದಳು, ಕೆನ್ನೆಗಳು ಒಳಗೆ ಹೋಗಿದ್ದವು. ಎದುರಿನ ಗಾಡಿಯಲ್ಲಿ ಸೇವ್ ಉಸಳ್ ಎಂಬ, ಸೇವು ಉದುರಿಸಿದ ಕಾಳಿನ ಸಾರು ಕೊಡಿಸಿದಳು. ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂದರೂ ನಾನು ಬಂದ ಕೆಲಸ ಮರೆಯಲಿಲ್ಲ.

“ಹೊಲದ ಪಾಠ ಧಾರವಾಡದಾಗ ಹೇಳಂಗಿಲ್ಲೇನ? ಮಂದಿ ಮನ್ಯಾಗ ಉಂಡು ಮಲಗೂದು ಯಾವ ಡಿಗ್ರಿ?”

“ಅದೇ ಪಾಠ ಚಿಗವ್ವ. ಊರಾಗ ಇರಬೇಕು, ಊರು ತಿಳಕೋಬೇಕು. ನೀ ಒಮ್ಮೆ ಬಂದು ನೋಡು. ಆಮ್ಯಾಲೂ ಬಾ ಅಂದ್ರ ನಿನ್ನ ಕೂಡ ಬರ್ತೀನಿ.”

ಮಾತು ಮಾತೇ ಎಂದು ಗಟ್ಟಿ ಮಾಡಿಕೊಂಡು ಅವಳ ಜೊತೆ ಸೂರತ್ ರೈಲು ಹತ್ತಿದೆ. ಅಲ್ಲಿಂದ ಮುಂದೆ ಬಸ್ಸು. ದಾರಿಯುದ್ದಕ್ಕೂ ಕಬ್ಬು, ಚಳಿಗಾಲದ ಹಿತವಾದ ಬಿಸಿಲು. ಬಸ್ ನಿಲ್ದಾಣದ ಹತ್ತಿರ ಎಳೆ ಜೋಳದ ತೆನೆ ಸುಟ್ಟು, ಬಡಿದು, ಸೇವು ಬೆರೆಸಿ ಮಾರುತ್ತಿದ್ದರು. ಪೋಂಕ್ ಅಂತೆ. ಬಾಯಿಗೆ ಹಾಕಿದರೆ ನಮ್ಮ ಸೀತನಿ! ಪರದೇಶದಲ್ಲಿ ತವರಿನವರು ಸಿಕ್ಕಷ್ಟು ಖುಷಿಯಾಯಿತು.

ಪಲ್ಲವಿ ಇದ್ದದ್ದು ಕಾಂತಾಬೆನ್ ಎಂಬಾಕೆಯ ಮನೆಯಲ್ಲಿ. ನನಗಿಂತ ಸ್ವಲ್ಪ ಹಿರಿಯಳು, ನಗುಮೊಗದ ಹೆಂಗಸು. ನನ್ನ ಸೊಂಟಕ್ಕೆ ಬಿಸಿ ಎಣ್ಣೆ ಹಚ್ಚಿದಳು. ಬೇಡವೆಂದರೂ ರೊಟ್ಟಿಗೆ ಮತ್ತೆ ಮತ್ತೆ ತುಪ್ಪ ಸುರಿದಳು. ಇಂಥವರ ಮನೆಯಲ್ಲಿ ಇದ್ದರೆ ತಪ್ಪೇನು ಎಂದು ನನಗೇ ಅನ್ನಿಸಿ, ಅಕ್ಕನಿಗೆ ಫೋನು ಮಾಡಿ ಹಾಗೆಯೇ ಹೇಳಿದೆ.

ಮರುದಿನ ಊರಿನ ನಕಾಶೆ ಬಿಡಿಸುವ ಕೆಲಸ. ಪಲ್ಲವಿಯ ಓದಿನಲ್ಲಿ ಅದೊಂದು ಪದ್ಧತಿ. ಊರಿನವರೇ ಸೇರಿ, ಬಣ್ಣದ ಪುಡಿಯಲ್ಲಿ ನೆಲದ ಮೇಲೆ ತಮ್ಮ ಓಣಿ, ಬಾವಿ, ಶಾಲೆ, ಹೊಲ ಎಲ್ಲವನ್ನೂ ಬಿಡಿಸಬೇಕು. ಆಮೇಲೆ ನೀರು ಎಲ್ಲಿಗೆ ಬೇಕು, ದಾರಿ ಎಲ್ಲಿಗೆ ಬೇಕು ಎಂಬ ಯೋಜನೆ ಅದರ ಮೇಲೇ ನಡೆಯುತ್ತದೆ. ಪಲ್ಲವಿ ಗುಡಿಯ ಮುಂದಿನ ಕಟ್ಟೆ ಆರಿಸಿದ್ದಳು. ನೆರಳಿತ್ತು, ನೆಲ ಸಪಾಟಾಗಿತ್ತು. ಹೆಂಗಸರು ನಗುನಗುತ್ತ ಬಂದರು. ನಾನೂ ಸುಮ್ಮನಿರಲಾರದೆ ಬಾವಿಯ ಸುತ್ತ ಕಮಲ ಬಿಡಿಸಿ ಭೇಷ್ ಅನ್ನಿಸಿಕೊಂಡೆ.

ಎಲ್ಲ ಮುಗಿಯಿತು ಅನ್ನುವಾಗ ಪಲ್ಲವಿ ರಸ್ತೆಯ ಆಚೆ ನೋಡಿದಳು. ಹುಲ್ಲಿನ ಹೊರೆ ಹೊತ್ತ ನಾಲ್ಕಾರು ಹೆಂಗಸರು ಅಲ್ಲೇ ನಿಂತು ನೋಡುತ್ತಿದ್ದರು. “ಅವರ ಮನೆ ಎಲ್ಲಿ?” ಎಂದಳು. ಹೆಂಗಸರು ಪುಡಿಯ ಕೈ ಒರೆಸಿಕೊಳ್ಳತೊಡಗಿದರು. ಕಾಂತಾಬೆನ್ ಮಾತ್ರ, “ಅವರು ಇಲ್ಲಿ ಬಂದು ಕೂರೋದಿಲ್ಲಮ್ಮ” ಎಂದಳು. ಪಲ್ಲವಿಗೆ ಆಗ ಹೊಳೆಯಿತು. ಜಾಗ ಆರಿಸುವಾಗ ನೆರಳು ನೋಡಿದ್ದಳು, ನೆಲ ನೋಡಿದ್ದಳು. ಅಲ್ಲಿ ಯಾರು ಕೂರಬಹುದು, ಯಾರು ಕೂರಬಾರದು ಎಂಬುದನ್ನು ಕೇಳಿರಲಿಲ್ಲ. ಒಂದು ಇಡೀ ಕೇರಿ ರಂಗೋಲಿಯ ಹೊರಗಿತ್ತು!

ಕೆಂಪು ಪುಡಿ ಹಿಡಿದು ರಸ್ತೆಯ ಅಂಚಿಗೆ ಹೋದಳು. ಮುಂದೆ ನಿಂತಿದ್ದ ಜಮನಾಬೆನ್ ಎಂಬಾಕೆ “ಬೇಡ ಬೆನ್, ಬಿಡು” ಎಂದಳು. ಇವಳು ಬಿಡಬೇಕಲ್ಲ! ಕೇಳಿ ಕೇಳಿ, ಅವರು ಅಲ್ಲಿಂದಲೇ ಹೇಳಿದಂತೆ ಮನೆಗಳನ್ನೂ ಕೆಟ್ಟುಹೋದ ಕೈಪಂಪನ್ನೂ ರಂಗೋಲಿಗೆ ಸೇರಿಸಿಯೇ ಬಿಟ್ಟಳು. ಕಟ್ಟೆಯ ಮೇಲಿದ್ದವರು ಒಬ್ಬರೂ ಜಗಳ ತೆಗೆಯಲಿಲ್ಲ, ಒಬ್ಬೊಬ್ಬರೇ ಎದ್ದು ಹೋದರು.

ನಾವು ಮನೆಗೆ ಬಂದಾಗ ಪಲ್ಲವಿಯ ಚೀಲ ಜಗಲಿಯ ಮೇಲಿತ್ತು. ಪಕ್ಕದಲ್ಲೇ ನನ್ನ ಚೀಲ. ಒಣಗಲು ಹಾಕಿದ್ದ ಬಟ್ಟೆಗಳನ್ನೂ ನೀಟಾಗಿ ಮಡಚಿ ಮೇಲಿಟ್ಟಿದ್ದಳು ಕಾಂತಾಬೆನ್. ಡಬ್ಬಿಯ ತುಂಬ ಥೇಪ್ಲಾ, ದಾರಿಗೆಂದು ಮಾಡುವ ಮೆಂತ್ಯದ ರೊಟ್ಟಿ, ಇನ್ನೂ ಬಿಸಿ ಇದ್ದವು. ಬಾಗಿಲು ಮಾತ್ರ ಹಾಕಿತ್ತು. ಬೈದು ಹೊರಹಾಕಿದ್ದರೆ ತಿರುಗಿ ನಾಲ್ಕು ಮಾತು ಅನ್ನಬಹುದಿತ್ತು. ಈ ಬಿಸಿ ಥೇಪ್ಲಾಕ್ಕೆ ಏನಂತ ಅನ್ನಲಿ?

“ಇನ್ನೇನ ಉಳೀತು? ಚೀಲಾನೂ ಕಟ್ಟ್ಯಾರ. ನಡಿ ಊರಿಗೆ” ಎಂದೆ. ಪಲ್ಲವಿ ಚೀಲ ಎತ್ತಿಕೊಂಡು ಕೇರಿಯ ಕಡೆ ನಡೆದಳು. ನಾನು ಬಯ್ಯುತ್ತಲೇ ಹಿಂದೆ ಹೋದೆ.

ಜಮನಾಬೆನ್ ಅಂಗಳದಲ್ಲಿ ಚಾಪೆ ಹಾಸಿ ಬೀಜ ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡವಳೇ ಅಂಗಡಿಗೆ ಓಡಿ ಎರಡು ಸೀಲು ಒಡೆಯದ ನೀರಿನ ಬಾಟಲಿ ತಂದಳು. ಬೆರಳು ತಾಗಬಾರದೆಂದು ತಳದಲ್ಲಿ ಹಿಡಿದು ಚಾಚಿದಳು. “ಮಡಕೆಯ ನೀರೇ ಕೊಡಿ” ಎಂದಳು ಪಲ್ಲವಿ. ಅಷ್ಟರಲ್ಲಿ ನನ್ನ ಕೈ ಬಾಟಲಿಯ ಮೇಲಿತ್ತು. ಜಮನಾಬೆನ್ ನನ್ನ ಕೈಯನ್ನೇ ನೋಡಿದಳು. ನಾಚಿಕೆಯಿಂದ ಹಿಡಿಯಾದೆ. ಬಾಟಲಿ ಕೆಳಗಿಟ್ಟು ಮಡಕೆಯ ನೀರು ಕೇಳಿ ಕುಡಿದೆ.

ಆಕೆಯ ಮುಖವೇನೂ ಅರಳಲಿಲ್ಲ. ಅವಳು ಅಂದದ್ದನ್ನು ಪಲ್ಲವಿ ತಗ್ಗಿದ ದನಿಯಲ್ಲಿ ಕನ್ನಡಕ್ಕೆ ತಂದಳು: “ಬೇಡ ಅಂದೆ, ನೀ ಕೇಳಲಿಲ್ಲ. ನಮ್ಮನ್ನ ಕೂಲಿಗೆ ಕರಿಯೋರು ಆ ಕಟ್ಟಿ ಮ್ಯಾಲಿನವರೇ. ನಾಳೆ ಕರೀಲಿಲ್ಲಂದ್ರ ನಿನ್ನ ಕಾಲೇಜಿನವರು ಕರೀತಾರೇನ?”

ನಾನು ಪಲ್ಲವಿಯ ರಟ್ಟೆ ಹಿಡಿದೆ. “ಸಾಕವ್ವ ಈ ಓದು. ಬಾ.”

“ಈಗ ಬಂದ್ರ ಇವರನ್ನ ಸಿಗಸಿ ಓಡಿಹೋದಂಗ ಆಗ್ತದ, ಚಿಗವ್ವ.”

ಕೊಟ್ಟ ಮಾತು ನೆನಪಿಸಬಹುದಿತ್ತು. ಅವಳ ರಟ್ಟೆ ಬಿಟ್ಟೆ. ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. ಒಬ್ಬಳೇ ಹೊರಟೆ. ಓಣಿಯ ತಿರುವಿನಲ್ಲಿ ತಿರುಗಿ ನೋಡಿದೆ. ಪಲ್ಲವಿ ಚೀಲ ಹಿಡಿದು ಅಂಗಳದಲ್ಲಿ ನಿಂತೇ ಇದ್ದಳು. ಜಮನಾಬೆನ್ ಬೀಜದ ಮೊರ ಎತ್ತಿಕೊಂಡು, ಕೂತಲ್ಲೇ ಒಂದಿಷ್ಟು ಸರಿದು, ಚಾಪೆಯ ಮೇಲೆ ಜಾಗ ಮಾಡಿದಳು.