ಹೊಸ ಟಿವಿಗೆ ಅಕ್ಕನ ಹಳೇ ಗೇಮು

ನಮ್ಮ ದೊಡ್ಡಪ್ಪನ ಪ್ರಕಾರ ಕರೆಂಟು ಕುಡಿಯುವುದೆಲ್ಲ ಆಯುಧವೇ. ಆಯುಧಪೂಜೆಯ ದಿನ ಕೊಬ್ಬರಿ ತೂಗುವ ತಕ್ಕಡಿ, ಸ್ಕೂಟರು, ಮಿಕ್ಸಿಗಳ ಸಾಲಿನಲ್ಲಿ ಅಕ್ಕನ ವಿಡಿಯೊ ಗೇಮೂ ಕೂರುತ್ತಿತ್ತು. ಅಕ್ಕ ಮದುವೆಯಾಗಿ ಹಳೇಬೀಡಿನಿಂದ ಬೇಲೂರಿಗೆ ಹೋದ ಮೇಲೂ ಅದಕ್ಕೆ ಅರಿಶಿನ, ಕುಂಕುಮ, ವಿಭೂತಿ ತಪ್ಪಲಿಲ್ಲ. ಆಡುವವರು ಮಾತ್ರ ಯಾರೂ ಇರಲಿಲ್ಲ. ದೇವರ ಹುದ್ದೆಗೆ ಬಡ್ತಿ ಸಿಕ್ಕವರ ಗತಿಯೇ ಅಷ್ಟು.

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ನಾನು ಚಿಕ್ಕವನಿದ್ದಾಗ ಬೀದಿಯವರೆಲ್ಲ ಸೋತು ಎದ್ದುಹೋದ ಆಟವನ್ನು ಅವಳೊಬ್ಬಳೇ ಕೊನೆಯ ಕೋಟೆಯವರೆಗೆ ಆಡಿ ಗೆಲ್ಲುತ್ತಿದ್ದಳು. ನಾನು ಬೇಗ ಸತ್ತು, ಉಳಿದ ಹೊತ್ತೆಲ್ಲ ಆಟದ ಸದ್ದುಗಳನ್ನು ಬಾಯಲ್ಲಿ ಮಾಡುತ್ತ ಪಕ್ಕದಲ್ಲಿ ಕೂರುತ್ತಿದ್ದೆ. ಅಣಕಿಸುವುದು ಬಿಟ್ಟು ಬೇರೆ ವಿದ್ಯೆ ನನ್ನ ತಲೆಗೆ ಹತ್ತಲಿಲ್ಲ ಎಂದು ಮನೆಯವರು ಹೇಳುತ್ತಾರೆ. ಹಾಗೆ ಹೇಳುವವರ ಧ್ವನಿಯನ್ನೂ ಮಾಡಿ ತೋರಿಸಬಲ್ಲೆ.

ಈ ಸಲ ಬೇಸಿಗೆ ರಜೆ ಮುಗಿದು ಅಕ್ಕನ ಮಗಳು ಅರಸೀಕೆರೆಯ ಹಾಸ್ಟೆಲ್ಲಿಗೆ ಹೊರಟಿದ್ದಳು. ಬೇಲೂರಿನಿಂದ ಮೂವರೂ ಬಂದು ನಮ್ಮಲ್ಲಿ ಊಟ ಮಾಡುವುದು, ಮಧ್ಯಾಹ್ನದ ಬಸ್ಸಿಗೆ ಅಪ್ಪ ಮಗಳು ಮುಂದೆ ಹೋಗುವುದು ಎಂದಾಗಿತ್ತು. ಊಟಕ್ಕೆ ಕೂತಾಗ ಅಕ್ಕ ಟಿವಿಯ ಸೌಂಡು ಕಡಿಮೆ ಮಾಡಲು ಹೋಗಿ ಟಿವಿಯನ್ನೇ ಆರಿಸಿಬಿಟ್ಟಳು.

"ಅಮ್ಮಂಗೆ ರಿಮೋಟೂ ಬರಲ್ಲ ಮಾಮ. ಬರೋದು ಎರಡೇ. ಓದ್ಕೋ, ತಲೆಗೆ ಎಣ್ಣೆ ಹಚ್ಕೋ."

"ಎಣ್ಣೆ ಹಚ್ಕೊಳೇ, ಹೇನಾಗ್ತವೆ!" ಎಂದೆ, ಥೇಟ್ ಅಕ್ಕನ ಧ್ವನಿಯಲ್ಲಿ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಕೈ ತೊಳೆದು ಬಂದವಳು ಅಟ್ಟದಿಂದ ಗೇಮು ಇಳಿಸಿ ನನ್ನ ಮುಂದಿಟ್ಟಳು.

"ಲೋ, ಇದನ್ನ ಟಿವಿಗೆ ಸಿಗಿಸ್ಕೊಡೋ. ಒಂದೇ ಒಂದ್ಸಲ ಇವಳು ನೋಡ್ಲಿ."

ಬಸ್ಸು ಬರುವುದರೊಳಗೆ ಮಗಳ ಕಣ್ಣಿಗೆ ತಾನೂ ಏನೋ ಒಂದನ್ನು ಬಲ್ಲವಳಾಗಿ ಕಾಣಬೇಕು. ಅವಳ ಆಸೆ ಅಷ್ಟೇ. ನನಗದು ಕಂಡಿತ್ತು.

ವೈರಿನ ತುದಿಯಲ್ಲಿ ಮೂರು ಪಿನ್ನು ಇರುತ್ತವೆ. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಸದ್ದಿಗೆ. ನನ್ನ ಕೈಯಲ್ಲಿದ್ದುದು ಒಂದು ಹಳದಿ, ಎರಡು ಕೆಂಪು. ಬಿಳಿಯದಕ್ಕೆ ಕುಂಕುಮ ಹತ್ತಿರಬೇಕು ಎಂದು ಜಾಣನಂತೆ ಲೆಕ್ಕ ಹಾಕಿ ಹಳದಿಯನ್ನು ಹಳದಿ ತೂತಿಗೇ, ಕೆಂಪೆರಡನ್ನು ಉಳಿದೆರಡು ತೂತಿಗೆ ಚುಚ್ಚಿದೆ. ಪರದೆಯ ಮೇಲೆ 'ಸಿಗ್ನಲ್ ಇಲ್ಲ' ಎಂದು ಬಂತು, ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬಂತು.

"ಪೂಜೆ ಮಾಡಿ ಇಟ್ಟಿದ್ದು ಕೆಡಾಕಿಲ್ಲ ಕಣ್ಲಾ," ಎಂದರು ದೊಡ್ಡಪ್ಪ. "ನಿನ್ ಹೊಸಾ ಟಿವೀಲೇ ಏನೋ ಐತೆ."

ರಿಮೋಟಿನಲ್ಲಿ ಎ.ವಿ.ಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಕ್ಯಾಸೆಟ್ಟು ಕಿತ್ತು ಅದರ ಬಾಯಿಗೆ ಊದಿದೆ. ಹುಡುಗಿ ಬೇಸರಗೊಂಡು ಎದ್ದಾಳೆಂದು ನಡುನಡುವೆ ಟಿವಿ ರಿಪೇರಿಯವನಂತೆ ಮೂಗಿನಲ್ಲಿ, "ಬೋರ್ಡ್ ಹೋಗಿದೆ ಮೇಡಂ, ಬಿಟ್ಟೋಗಿ, ಸೋಮವಾರ ಬನ್ನಿ," ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಅಕ್ಕ ಮಾತ್ರ ಗೇಮಿನ ಪ್ಯಾಡನ್ನು ಎರಡೂ ಕೈಯಲ್ಲಿ ಹಿಡಿದು, ನೀಲಿ ಪರದೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೇ ಇದ್ದಳು.

"ಏಳು ಪುಟ್ಟಿ, ಬಸ್ ಬಂದ್ಬಿಡುತ್ತೆ," ಎಂದರು ಭಾವ.

ಹುಡುಗಿ ಬ್ಯಾಗು ಹೆಗಲಿಗೇರಿಸಿಕೊಂಡು ಅಮ್ಮನ ಕೆನ್ನೆ ತಟ್ಟಿದಳು. "ಪರ್ವಾಗಿಲ್ಲ ಬಿಡಮ್ಮ. ನೀನು ಗೆದ್ದೆ ಅಂತಾನೇ ಅಂದ್ಕೋತೀನಿ."

ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಬಸ್ಸು ಹತ್ತಿಸಿ ಬಂದ ಅಕ್ಕ, ಎತ್ತಿಡುವ ಮುಂಚೆ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದಳು. ಒಂದು ಕೆಂಪು ಪಿನ್ನಿನ ಕುಂಕುಮ ಕರಗಿ ಕೆಳಗಿನಿಂದ ಹಳದಿ ಇಣುಕಿತು. ನಾನು ಹಳದಿಯೆಂದು ನಂಬಿದ್ದ ಪಿನ್ನನ್ನು ಉಗುರಿನಿಂದ ಕೆರೆದಳು. ಬಿಳಿ! ವರ್ಷವರ್ಷದ ಅರಿಶಿನ ಅದಕ್ಕೆ ಬೇರೆ ಜಾತಿಯನ್ನೇ ಕೊಟ್ಟಿತ್ತು.

"ಲೋ, ಅದಲು ಬದಲಾಗಿದೆ ಕಣೋ."

ಬದಲಿಸಿ ಚುಚ್ಚಿದೆ, ಚಿತ್ರ ಬಂತು. ಆದರೆ ಪಿನ್ನನ್ನು ಓರೆಯಾಗಿ ಒತ್ತಿ ಹಿಡಿದರೆ ಮಾತ್ರ, ಬಿಟ್ಟರೆ ಮಾಯ. ನಾನು ಒಂದು ಕೈಯಲ್ಲಿ ಟಿವಿ ತಬ್ಬಿ, ಇನ್ನೊಂದು ಕೈಯಲ್ಲಿ ಪಿನ್ನು ಒತ್ತಿ, ಕುತ್ತಿಗೆ ಉದ್ದ ಮಾಡಿ ನಿಂತೆ. ಅಕ್ಕ ಆಡಿದಳು. ಏನು ಆಟ ಅದು! ಹಳ್ಳ ಹಾರಿದಳು, ಬೆಂಕಿಯ ಕೆಳಗೆ ನುಸುಳಿದಳು, ನಾನು ಮರೆತೇಹೋಗಿದ್ದ ಕಳ್ಳದಾರಿಗಳನ್ನು ಅವಳ ಬೆರಳು ಮರೆತಿರಲಿಲ್ಲ. ಕೊನೆಯ ಕೋಟೆಯನ್ನೂ ಗೆದ್ದು ಅದರ ಬಾಗಿಲು ತೆರೆದಳು. ನಾನು ಖುಷಿಯಲ್ಲಿ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದೆ.

'ಸಿಗ್ನಲ್ ಇಲ್ಲ.'

ಮತ್ತೆ ಒತ್ತಿ ಹಿಡಿಯುವಷ್ಟರಲ್ಲಿ ಆಟ ಮೊದಲ ಪುಟಕ್ಕೆ ಮರಳಿತ್ತು. ಫೋಟೊ ಇಲ್ಲ, ವಿಡಿಯೊ ಇಲ್ಲ. ಸಾಕ್ಷಿ ನಾನೊಬ್ಬನೇ. ಭಾವನ ಫೋನಿಗೆ ಮಾಡಿದೆ. ಬಸ್ಸು ಜಾವಗಲ್ ದಾಟಿತ್ತು.

"ಪುಟ್ಟಿ, ನಿಮ್ಮಮ್ಮ ಗೆದ್ಲು ಕಣೇ!"

"ಹೌದಾ ಮಾಮ? ಯಾವ ಧ್ವನೀಲಿ ಗೆದ್ಲು?"

ಅಕ್ಕ ಫೋನು ಕಿತ್ತುಕೊಂಡಳು. "ನಿಜ ಕಣೇ. ಕೊನೇ ಕೋಟೇನೂ ಮುಗಿಸ್ದೆ."

ಆ ಕಡೆಯಿಂದ ನಗು. "ಸೂಪರ್ ಮಾಮ! ಥೇಟ್ ಅಮ್ಮನ ಥರಾನೇ ಇದೆ."

ಅಕ್ಕ ಫೋನನ್ನು ನನಗೆ ಹಿಂತಿರುಗಿಸಿದಳು.

ದಸರಾ ರಜೆಗೆ ಎಲ್ಲರೂ ಮತ್ತೆ ಸೇರುವ ಮುಂಚೆ ನಾನು ಅರಸೀಕೆರೆಗೆ ಹೋಗಿ ಹೊಸ ವೈರು ತಂದೆ. ಟಿವಿಯ ಹಳದಿ ತೂತೇ ಸಡಿಲವಿದ್ದೀತೆಂದು, ಹಳೆಯ ಪಿನ್ನುಗಳನ್ನು ಹೊಸ ಟಿವಿಯ ಬೇರೊಂದು ತೂತಿಗೆ ಸೇರಿಸುವ ಒಂದು ಸಣ್ಣ ಡಬ್ಬಿಯನ್ನೂ ತಂದೆ. ಯಾರೂ ಏನನ್ನೂ ಒತ್ತಿ ಹಿಡಿಯಬೇಕಿಲ್ಲ, ಚಿತ್ರ ಕನ್ನಡಿಯ ಹಾಗೆ. ಹುಡುಗಿ ಮುಂದೆಯೇ ಕೂತಳು. ನಾನು ಫೋನು ಹಿಡಿದು ಸಿದ್ಧನಾದೆ. ಅಕ್ಕ ಗುಂಡಿ ಒತ್ತಿದಳು. ಗೊಂಬೆ ಹಾರಲಿಲ್ಲ, ಹಳ್ಳಕ್ಕೆ ಬಿತ್ತು. ಮತ್ತೆ ಆಡಿದಳು, ಮತ್ತೆ ಬಿತ್ತು. ಆ ಡಬ್ಬಿಯೊಳಗೆ ಹಾದು ಬರುವಾಗ ಚಿತ್ರ ಕಣ್ಣು ಮಿಟುಕಿಸುವಷ್ಟು ತಡವಾಗುತ್ತಿತ್ತು. ಅಕ್ಕನ ಬೆರಳುಗಳು ಮಾತ್ರ ಹಳೆಯ ಟಿವಿಯ ವೇಳೆಯಲ್ಲೇ ಇದ್ದವು.

"ತಪ್ಪು ನಿಮ್ಮಮ್ಮಂದಲ್ಲ ಪುಟ್ಟಿ, ಡಬ್ಬಿ ತಡ ಮಾಡ್ತಿದೆ," ಎಂದೆ. ನನ್ನ ಸ್ವಂತ ಧ್ವನಿಯಲ್ಲೇ ಹೇಳಿದೆ.

"ಸಾಕು ಮಾಮ, ಪಾಪ," ಎಂದು ಅವಳು ಅಮ್ಮನ ಪಕ್ಕಕ್ಕೆ ಸರಿದಳು. "ಕೊಡಮ್ಮ, ನಾನು ಹೇಳ್ಕೊಡ್ತೀನಿ. ಸ್ವಲ್ಪ ಮೊದ್ಲೇ ಒತ್ಬೇಕು. ಇದು ಹಾರಕ್ಕೆ, ಇದು ಓಡಕ್ಕೆ. ಗೊತ್ತಾಯ್ತಾ?"

ನಾನು ಬಾಯಿ ತೆರೆದೆ. ಅಕ್ಕ ಬೇಡವೆಂಬಂತೆ ನನ್ನ ಕಡೆ ನೋಡಿದಳು.

"ಯಾವ್ದೇ ಹಾರಕ್ಕೆ, ಇದಾ?" ಎಂದು ಮಗಳನ್ನು ಕೇಳಿದಳು.